ಆರು ಜನ, 21 ಕಿಲೋಮೀಟರ್

ಪ್ರೀತಿಯ ಅಮ್ಮ, ಅಪ್ಪ,

ನಿನ್ನೆ ಹಾಫ್ ಮ್ಯಾರಥಾನ್ ಓಡಿ ಮುಗಿಸಿದೆ. ಫೋನಿನಲ್ಲಿ ಅಷ್ಟೇ ಹೇಳಿ ಇಟ್ಟುಬಿಟ್ಟೆ. ಆಗ ಮಾತೇ ಹೊರಡುತ್ತಿರಲಿಲ್ಲ. ಈಗ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ.

ಅಪ್ಪ, ಸರಿಯಾಗಿ ಎಷ್ಟು ದೂರ ಅಂತ ಕೇಳಿದಿರಿ. 21.0975 ಕಿಲೋಮೀಟರ್. ಮ್ಯಾರಥಾನಿನ 42.195ರಲ್ಲಿ ಅರ್ಧ. ಆ ಪೂರ್ತಿ ದೂರವನ್ನು ಮೊದಲು ಓಡಿದ್ದು 1908ರ ಲಂಡನ್ ಒಲಿಂಪಿಕ್ಸಿನಲ್ಲಿ. 1921ರಲ್ಲಿ ಅದನ್ನೇ ಖಾಯಂ ಮಾಡಿದರಂತೆ.

ಅಮ್ಮ, ಒಬ್ಬಳೇ ಓಡ್ತೀಯಲ್ಲ ಅಂತ ನಿನಗೆ ಭಯ ಇತ್ತು, ಅಲ್ವಾ? ಒಂದು ದಿನವೂ ಒಬ್ಬಳೇ ಓಡಿಲ್ಲ. ನಾವು ಆರು ಜನ. ಹನ್ನೆರಡು ವಾರ, ಪ್ರತಿ ಭಾನುವಾರ ಬೆಳಿಗ್ಗೆ ಉದ್ದದ ಓಟ. 8 ಕಿಲೋಮೀಟರಿನಿಂದ ಶುರು ಮಾಡಿ ವಾರಕ್ಕೆ ಒಂದೋ ಎರಡೋ ಜಾಸ್ತಿ ಮಾಡುತ್ತಾ ಹೋದೆವು. ಇದಕ್ಕೆ ಒಂದು ನಿಯಮ ಇದೆ. ಓಡುವಾಗ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಉಸಿರು ಕಟ್ಟಿದರೆ ಜೋರಾಗಿ ಓಡುತ್ತಿದ್ದೇವೆ ಅಂತ ಅರ್ಥ, ವೇಗ ತಗ್ಗಿಸಬೇಕು. ಹಾಗಾಗಿ ಅವರು ನನ್ನನ್ನು ಮಾತಾಡಿಸುತ್ತಲೇ ಇರುತ್ತಿದ್ದರು. ಎರಡು ಗಂಟೆ ಏನು ಮಾತಾಡೋದು? ನಿಮ್ಮೆಲ್ಲರ ವಿಷಯವೇ. ನಿನ್ನೆ ಓಟ ಶುರುವಾಗುವ ಮುಂಚೆ, ಸಾಲಿನಲ್ಲಿ ನಿಂತಿದ್ದಾಗ, ಒಬ್ಬಳು ನನ್ನ ಲೇಸ್ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಾ "ಅಮ್ಮನ ಮಂಡಿ ನೋವು ಹೇಗಿದೆ?" ಅಂತ ಕೇಳಿದಳು.

ಅವಳು ಸಲೀಸಾಗಿ ಎರಡು ಗಂಟೆಯೊಳಗೆ ಮುಗಿಸುವವಳು. ನಿನ್ನೆ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಶುರುವಿನಲ್ಲಿ ಜನರ ಹುರುಪು ನೋಡಿ ನಾನೂ ಓಡಿಬಿಡುತ್ತಿದ್ದೆ, ತೋಳು ಹಿಡಿದು ತಡೆದಳು. ಮೊದಲ ಮೂರು ಕಿಲೋಮೀಟರಿನಲ್ಲಿ ಮಾಡಿದ ಸಾಲವನ್ನು ಕೊನೆಯ ಮೂರರಲ್ಲಿ ತೀರಿಸಬೇಕು ಅಂದಳು. ನೀರು ಕುಡಿಯುವುದನ್ನೂ ಅವಳೇ ಕಲಿಸಿದ್ದು. ಕಾಗದದ ಲೋಟದ ಬಾಯಿಯನ್ನು ಹಿಸುಕಿ ಗಿಂಡಿ ಮೂತಿಯ ಹಾಗೆ ಮಾಡಿದರೆ ಓಡುತ್ತಲೇ ಕುಡಿಯಬಹುದು, ಮೈಮೇಲೆ ಚೆಲ್ಲುವುದಿಲ್ಲ.

ಹದಿನೆಂಟರವರೆಗೆ ಚೆನ್ನಾಗಿಯೇ ಇದ್ದೆ. ಅಭ್ಯಾಸದಲ್ಲಿ ನಾವು ಅದನ್ನು ದಾಟಿರಲಿಲ್ಲ. ಅಲ್ಲಿಂದ ಮುಂದೆ ತೊಡೆ ಕಲ್ಲಾಯಿತು, ಬೆವರು ಒಣಗಿ ಕೆನ್ನೆಯೆಲ್ಲ ಉಪ್ಪು. ನನ್ನ ಮಾತು ನಿಂತುಹೋಯಿತು. ನೀನು ಮುಂದೆ ಹೋಗು ಅಂತ ಕೈಸನ್ನೆ ಮಾಡಿದೆ. ಅವಳು ನೋಡಿಯೂ ನೋಡದ ಹಾಗೆ, ತಾನೇ ಮಾತಾಡತೊಡಗಿದಳು. ನಾನು ಅವಳಿಗೆ ಹೇಳಿದ್ದ ನಮ್ಮ ಮನೆಯ ಕಥೆಗಳನ್ನೇ ತಿರುಗಿ ನನಗೆ ಹೇಳಿದಳು. ಅಪ್ಪ ಸೈಕಲ್ ಕಲಿಸಿದ್ದು, ನನ್ನ ತಮ್ಮ ಬಾವಿಗೆ ಚಪ್ಪಲಿ ಬೀಳಿಸಿದ್ದು, ಎಲ್ಲ. ಕೆಲವು ತಪ್ಪು ಹೇಳಿದಳು. ತಿದ್ದಬೇಕಲ್ಲ ಅಂತ ನಾನು ಬಾಯಿ ತೆರೆದೆ. ಬೇಕಂತಲೇ ತಪ್ಪು ಹೇಳಿದಳೋ ಏನೋ, ಕೇಳಿಲ್ಲ.

2 ಗಂಟೆ 26 ನಿಮಿಷ ಆಯಿತು. ಉಳಿದ ನಾಲ್ವರು ಆಗಲೇ ಮುಗಿಸಿ, ಗೆರೆಯ ಹತ್ತಿರ ನಮಗಾಗಿ ಕಾಯುತ್ತಿದ್ದರು. ದೂರದಿಂದಲೇ ನನ್ನ ಹೆಸರು ಕೂಗುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಕಾಲಿನ ಒಂದು ಉಗುರು ಕಪ್ಪಾಗಿದೆ. ದೂರ ಓಡುವವರಿಗೆ ಇದು ಮಾಮೂಲು, ಹೆದರಬೇಡ.

ಫೋಟೋ ಇದರ ಜೊತೆ ಇಟ್ಟಿದ್ದೇನೆ. ಎಡಗಡೆಯಿಂದ ಎರಡನೆಯವಳೇ ಅವಳು. ಮಂಡಿ ನೋವು ಈಗ ಹೇಗಿದೆ ಅಂತ ಬೇಗ ಬರಿ ಅಮ್ಮ. ಭಾನುವಾರ ಅವಳು ಮತ್ತೆ ಕೇಳುತ್ತಾಳೆ.

ನಿಮ್ಮ ಮಗಳು