ಸ್ಟೆಂಟ್ ಹಾಕಿಸಿಕೊಂಡವರಿಗೆ ಕನ್ನಡದಲ್ಲಿ ಬರೆದು ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಜನವರಿಯಲ್ಲಿ ನನ್ನ ಅಣ್ಣನಿಗೆ ಹೃದಯಾಘಾತವಾಗಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಊರಿಗೆ ಬಂದ ಹತ್ತನೆಯ ದಿನ ಮೈಯೆಲ್ಲ ತುರಿಕೆ, ಕೆಂಪು ದದ್ದು. ಮನೆಯ ಹಿಂದಿನ ತೋಟಕ್ಕೆ ಹೋಗಿ ಬಂದಿದ್ದ, ಚಗಳಿ ಇರುವೆ ಕಚ್ಚಿರಬೇಕೆಂದು ಸುಮ್ಮನಿದ್ದೆವು. ಕಡಿಮೆಯಾಗದಿದ್ದಾಗ ಪರಿಚಿತರೊಬ್ಬರು, "ಇದು ಮಾತ್ರೆಯ ಉಷ್ಣ, ನಾಲ್ಕು ದಿನ ಎಲ್ಲವನ್ನೂ ಬಿಟ್ಟುಬಿಡಿ" ಎಂದರು. ಅಣ್ಣ ಬಿಟ್ಟ. ಐದನೆಯ ದಿನ ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಸಿದ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಅಂದಿನ ಆ ದಾರಿಯನ್ನು ಸಾಯುವವರೆಗೂ ಮರೆಯಲಾರೆ. ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿದದ್ದು ನಮ್ಮ ಪುಣ್ಯ.

ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ಸ್ಟೆಂಟ್ ಎಂದರೆ ಲೋಹದ ಸಣ್ಣ ಜಾಲರಿ ಕೊಳವೆ. ರಕ್ತನಾಳದ ಒಳಪದರ ಬೆಳೆದು ಅದನ್ನು ಮುಚ್ಚುವ ತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಔಷಧ ಲೇಪಿಸಿದ ಸ್ಟೆಂಟಿನಲ್ಲಿ ಆ ಪದರ ಇನ್ನೂ ನಿಧಾನವಾಗಿ ಬೆಳೆಯುತ್ತದೆ. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಇನ್ನೊಂದು ಮಾತ್ರೆ ಕೊಡುವುದು ಹಾಗೆ ಹೆಪ್ಪುಗಟ್ಟದಂತೆ ತಡೆಯುವುದಕ್ಕಾಗಿಯೇ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ 12 ತಿಂಗಳು ಈ ಜೋಡಿ ಮಾತ್ರೆ ತಪ್ಪುವಂತಿಲ್ಲ. ಹಲ್ಲು ಕೀಳಿಸುವುದಿದ್ದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು.

ಹಾಗೆಂದು ಅಲರ್ಜಿಯನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ಸಿರೊಲಿಮಸ್ ಎಂಬ ಔಷಧ ಲೇಪಿಸಿದ ಸ್ಟೆಂಟ್ ಅಮೆರಿಕದಲ್ಲಿ ಬಳಕೆಗೆ ಬಂದ 2003ರಲ್ಲೇ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಹೆಪ್ಪು, ಅಲರ್ಜಿ ಎರಡರ ಬಗ್ಗೆಯೂ ವೈದ್ಯರನ್ನು ಎಚ್ಚರಿಸಿತ್ತು. ಲೋಹದಲ್ಲಿನ ನಿಕ್ಕಲ್, ಲೇಪನದ ಪಾಲಿಮರ್, ಅದರಲ್ಲಿನ ಔಷಧ, ನುಂಗುವ ಮಾತ್ರೆ, ಯಾವುದರಿಂದಲೂ ಅಲರ್ಜಿಯಾಗಬಹುದು. ಅಣ್ಣನಿಗೆ ಒಗ್ಗದೆ ಹೋದದ್ದು ಕ್ಲೊಪಿಡೊಗ್ರೆಲ್. ಅದನ್ನು ಬದಲಿಸಿ, ಅದೇ ಕೆಲಸ ಮಾಡುವ ಟಿಕಾಗ್ರೆಲರ್ ಎಂಬ ಮಾತ್ರೆ ಬರೆದುಕೊಟ್ಟರು, ವಾರದಲ್ಲಿ ದದ್ದು ಇಳಿಯಿತು. ಒಂದು ಫೋನ್ ಕರೆಯಲ್ಲಿ ಮುಗಿಯಬೇಕಿದ್ದ ಸಂಗತಿಗೆ ಅವನು ಸಾವಿನ ಬಾಗಿಲಿಗೆ ಹೋಗಿ ಬಂದ!

2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ್ದರಿಂದ ನಮ್ಮಂಥವರಿಗೆ ಉಪಕಾರವಾಗಿದೆ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ದಿನವೂ ಮಾತ್ರೆ ಎಣಿಸಿ ಕೊಡುವವರು ನನ್ನ ಅತ್ತಿಗೆ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಯಾವ ಸ್ಟೆಂಟ್, ಹಾಕಿದ ದಿನ ಯಾವುದು, ಯಾವ ಮಾತ್ರೆ ಎಲ್ಲಿಯವರೆಗೆ, ತುರಿಕೆ, ದದ್ದು, ಉಸಿರಾಟದ ತೊಂದರೆ ಕಂಡರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಮುದ್ರಿಸಿದ ಒಂದು ಕಾರ್ಡನ್ನು ಪ್ರತಿ ರೋಗಿಗೂ ಕೊಡುವಂತೆ ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಿಗೆ ಆದೇಶಿಸಬೇಕೆಂದು ಕೈಮುಗಿದು ಕೇಳುತ್ತೇನೆ.

– ನಿವೃತ್ತ ಶಿಕ್ಷಕ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ