ಚೀಲದ ತೂಕ

ಕಳೆದ ವಾರ ಬಟವಾಡೆಯ ದಿನ, ನಾನು ಹಿಂದಿರುಗಿಸಬೇಕಾಗಿದ್ದ ಹಣದ ಕೊನೆಯ ಪಾಲು ಅದರ ಒಡತಿಯ ಕೈ ಸೇರಿತು. ಈ ಹೊತ್ತಿನಲ್ಲಿ ನಾನು ಉಪಕಾರ ನೆನೆಯಬೇಕಾದವರು ಹಲವರಿದ್ದಾರೆ. ಆದರೆ ಯಾವುದಕ್ಕಾಗಿ ಋಣಿಯಾಗಿದ್ದೇನೆಂದು ಹೇಳದೆ ಬರಿಯ ವಂದನೆ ಸಲ್ಲಿಸಿದರೆ ಅದೂ ನಾನು ವರ್ಷಗಟ್ಟಲೆ ಚರ್ಚಿನ ಗುರುಗಳೆದುರು ಮಾಡಿಕೊಂಡು ಬಂದ ಪಾಪನಿವೇದನೆಗಳ ಹಾಗೆ ಅರೆಮಾತಾಗುತ್ತದೆ. ಆದ್ದರಿಂದ ತಪ್ಪನ್ನು ಮೊದಲು ಹೇಳುತ್ತೇನೆ.

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಹಾಜರಿ ಬರೆಯುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಕಣದ ಬಳಿ ಹಣ್ಣು ತೂಗಿಸಿ ಲೆಕ್ಕ ಇಡುವುದು, ಬಟವಾಡೆ ಮಾಡುವುದು ನನ್ನ ಕೆಲಸ. ಹಣ್ಣು ಕೊಯ್ಯುವವರಿಗೆ ಕಿಲೋ ಲೆಕ್ಕದ ಕೂಲಿ. ತಕ್ಕಡಿಯ ಮುಳ್ಳು ತೋರಿಸಿದ್ದರಲ್ಲಿ ಗೋಣಿಚೀಲದ ಬಾಬ್ತು ಒಂದು ಕಿಲೋ ಕಳೆಯುವುದು ನಮ್ಮಲ್ಲಿ ವಾಡಿಕೆ. ನಾನು ಮೂರು ಕಳೆಯುತ್ತಿದ್ದೆ. ಹೀಗೆ ಹದಿನೆಂಟು ಜನರಿಂದ ಉಳಿಸಿದ 36 ಕಿಲೋವನ್ನು ಪಟ್ಟಿಯಲ್ಲಿ ಇಲ್ಲದ ಒಬ್ಬ ಆಳಿನ ಹೆಸರಿಗೆ ಬರೆದು, ಕಿಲೋಗೆ ನಾಲ್ಕು ರೂಪಾಯಿಯಂತೆ ದಿನಕ್ಕೆ 144 ರೂಪಾಯಿಯನ್ನು ಜೇಬಿಗಿಳಿಸಿಕೊಂಡೆ. ವರ್ಷಕ್ಕೆ ಅರವತ್ತು ದಿನಗಳಂತೆ ಮೂರು ಕೊಯ್ಲು ಇದು ನಡೆಯಿತು. ಸಾಹುಕಾರರಿಗೆ ಒಂದು ಕಾಸೂ ನಷ್ಟವಾಗಲಿಲ್ಲವೆಂದು ಆಗ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಷ್ಟವೆಲ್ಲವೂ ಬೆಳಗಿನ ಮಂಜಿನಲ್ಲಿ ಒದ್ದೆ ಗಿಡಗಳ ನಡುವೆ ನಿಂತು ಕೊಯ್ದವರದ್ದೇ ಆಗಿತ್ತು.

ಈ ಅವಧಿಯಲ್ಲಿ ನಾನು ಚರ್ಚಿನ ಬಲಿಪೂಜೆ ತಪ್ಪಿಸಿದವನಲ್ಲ, ಪಾಪನಿವೇದನೆಯನ್ನೂ ಬಿಟ್ಟವನಲ್ಲ. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮೂರಿನ ಚರ್ಚಿನ, ಗುರುಗಳಿಗೆ ನನ್ನ ದನಿಯ ಗುರುತಿದೆಯೆಂದು ಚಿಕ್ಕಮಗಳೂರಿಗೆ ಬಸ್ಸು ಹತ್ತಿ, ಸಂತ ಜೋಸೆಫರ ಪ್ರಧಾನಾಲಯವೆಂಬ ದೊಡ್ಡ ಚರ್ಚಿನಲ್ಲಿ ಯಾರಿಗೂ ಪರಿಚಯವಿಲ್ಲದವನಾಗಿ ಮೊಣಕಾಲೂರಿ, "ಸ್ವಾಮಿ, ಹಣದಾಸೆಗೆ ಒಳಗಾಗಿದ್ದೇನೆ" ಎಂದು ಹೇಳಿ ಬರುತ್ತಿದ್ದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಲೋಕದಲ್ಲಿ ಯಾರು ಬೇಕಾದರೂ ಹೇಳಬಹುದಾದ ಆ ಮಾತಿನ ಹಿಂದೆ ನನ್ನ ತಕ್ಕಡಿ, ನನ್ನ ಪುಸ್ತಕ, ಆ ಹದಿನೆಂಟು ಜನ ಎಲ್ಲರೂ ಸುಖವಾಗಿ ಮರೆಯಾಗುತ್ತಿದ್ದರು. ಭಾನುವಾರ ಎಲ್ಲರೊಡನೆ ಎದೆ ಬಡಿದುಕೊಂಡು ಆಲೋಚನೆ, ಮಾತು, ಕೃತ್ಯಗಳ ಪಾಪವನ್ನು ಒಪ್ಪಿಕೊಳ್ಳುವಾಗಲೂ ನನ್ನ ಕೈ ಮಾತ್ರ ಎದೆ ಮುಟ್ಟುತ್ತಿತ್ತು.

ಮೂರನೆಯ ಕೊಯ್ಲಿನ ಒಂದು ಸಂಜೆ, ಬಯಲುಸೀಮೆಯಿಂದ ಬಂದಿದ್ದ ವಯಸ್ಸಾದ ಒಬ್ಬ ಹೆಂಗಸಿನ ಚೀಲವನ್ನು ತೂಗಿದೆ. ಮುಳ್ಳು ನಲವತ್ತೊಂದರಲ್ಲಿ ನಿಂತಿತ್ತು. ನಾನು ಮೂವತ್ತೆಂಟು ಎಂದೆ. ಪಕ್ಕದಲ್ಲಿದ್ದ ಹುಡುಗಿ ಮುಳ್ಳಿನ ಕಡೆ ಕೈತೋರಿಸಿ ಏನೋ ಹೇಳಹೊರಟಾಗ ಆಕೆಯೇ ತಡೆದಳು: "ರೈಟ್ರು ಬರ್ಕಂಡಿದ್ದೇ ಸರಿ ಸುಮ್ನಿರೇ, ಅವ್ರು ಚರ್ಚಿಗೆ ಹೋಗೋರು." ಆಕೆಯ ಬೆರಳುಗಳ ಸಂದಿಯಲ್ಲಿ ಹಣ್ಣಿನ ಅಂಟು ಕಪ್ಪಾಗಿ ಒಣಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಪಾಪಕ್ಕೆ ನನ್ನ ಕ್ರಿಸ್ತನ ಹೆಸರೇ ಮುಸುಕಾಗಿ ನಿಂತಿತ್ತಲ್ಲ ಎಂಬ ಅಂಜಿಕೆ ಮುಂದಿನ ವಾರಗಳಲ್ಲೂ ನನ್ನನ್ನು ಬಿಡಲಿಲ್ಲ.

ಆ ವರ್ಷದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ದಿನಗಳಲ್ಲಿ, ಅದು ಆರಂಭವಾಗುವ ಬೂದಿ ಬುಧವಾರ ಕಳೆದ ಮೇಲೆ, ನಮ್ಮ ಧರ್ಮಕೇಂದ್ರದ ಗುರುಗಳ ಬಳಿಗೇ ಹೋದೆ. ಮಗಳ ಕಾಲೇಜಿನ ಫೀಸು, ಮನೆಯ ಸಾಲ ಎಂದು ಕಾರಣಗಳಿಂದ ಆರಂಭಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಎಷ್ಟು?" ಎಂದು ಒಂದೇ ಮಾತು ಕೇಳಿದರು. ಎಷ್ಟೆಂದು ನಾನು ಎಂದೂ ಕೂಡಿ ನೋಡಿರಲಿಲ್ಲ. ಅಲ್ಲಿಯೇ ಮನಸ್ಸಿನಲ್ಲಿ ಲೆಕ್ಕ ಹಾಕಿ, ಒಬ್ಬೊಬ್ಬರಿಗೆ 1,440, ಒಟ್ಟು 25,920 ರೂಪಾಯಿ ಎಂದು ಬಾಯಿಬಿಟ್ಟು ಹೇಳಿದಾಗ, ಫೀಸಿಗೆ ಹೋದದ್ದು ಅದರಲ್ಲಿ ಅರ್ಧವೂ ಅಲ್ಲವೆಂಬುದೂ ತಾನಾಗಿ ಹೊರಬಂದಿತು. ಹುಡುಗನಾಗಿದ್ದಾಗ ಗೆಳೆಯರೊಡನೆ ಕದ್ದ ಪೇರ್ ಹಣ್ಣುಗಳ ಬಗ್ಗೆ ಸಂತ ಅಗಸ್ಟೀನರು ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಆದ ಮೇಲೂ ಅಷ್ಟು ವಿವರವಾಗಿ ಬರೆದದ್ದನ್ನು ಗುರುಗಳು ನೆನಪಿಸಿದರು. ಹಸಿವಿನಿಂದ ಕದ್ದದ್ದಲ್ಲ, ಹೆಚ್ಚಿನದನ್ನು ಹಂದಿಗಳಿಗೆ ಎಸೆದೆವು ಎಂಬುದನ್ನೂ ಅಗಸ್ಟೀನರು ಮುಚ್ಚಿಡಲಿಲ್ಲ. ನನಗೆ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಪ್ರಸಂಗ ಬೇಕಿರಲಿಲ್ಲ.

ಧೈರ್ಯ ಮಾಡಿ ಒಪ್ಪಿಕೊಂಡೆ, ಅದಕ್ಕೇ ದೇವರು ಕ್ಷಮಿಸಿದರು ಎಂದು ಕೆಲವು ಹಿತೈಷಿಗಳು ನನ್ನನ್ನು ಹೊಗಳುತ್ತಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ, ಅದು ಹಿಂದುಮುಂದಾದ ಮಾತು. ಬೈಬಲಿನ ಲೂಕನ ಶುಭಸಂದೇಶದಲ್ಲಿ, ಮರ ಹತ್ತಿ ಕುಳಿತ ಸುಂಕದವರ ಮುಖ್ಯಸ್ಥ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದು ಹೇಳುವುದು ಪ್ರಭು ಯೇಸು ಅವನನ್ನು ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲಿ ತಂಗಬೇಕು ಎಂದ ಮೇಲೆಯೇ. ಕರೆ ಮೊದಲು, ಲೆಕ್ಕ ಆಮೇಲೆ. ಕೃಪೆಯನ್ನು ಸ್ವೀಕರಿಸಲು ಮನುಷ್ಯನು ಸಿದ್ಧನಾಗುವುದೂ ಕೃಪೆಯ ಕೆಲಸವೇ ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಆ ಮುದುಕಿಯ ಬಾಯಲ್ಲಿ ಆ ಮಾತು ಬಂದದ್ದು, ಅದು ನನ್ನನ್ನು ನಿದ್ರೆಗೆ ಬಿಡದಿದ್ದದ್ದು, ಬೇರೆ ಊರಿನ ಬಸ್ಸು ಹತ್ತದೆ ಕಾಲು ಈ ಬಾಗಿಲಿಗೇ ಬಂದದ್ದು, ಯಾವುದೂ ನನ್ನ ಸಂಪಾದನೆಯಲ್ಲ.

ಪಾಪವಿಮೋಚನೆ ಅಂದೇ ದೊರೆಯಿತು; ಆದರೆ ಕ್ಷಮೆ ಸಿಕ್ಕಿತೆಂದು ಸಾಲ ತೀರುವುದಿಲ್ಲ. ಜಕ್ಕಾಯನ ನಾಲ್ಕು ಪಟ್ಟಿನ ಮಾತೆತ್ತಿದಾಗ ಗುರುಗಳು, "ಮೊದಲು ಅವರದ್ದು ಅವರಿಗೆ ಸೇರಲಿ" ಎಂದರು. ಗುಟ್ಟಾಗಿ ತಲುಪಿಸುವ ದಾರಿಯನ್ನೂ ತೋರಿಸಿದರು. ಎಲ್ಲರೆದುರು ಹೇಳಲು ಬಲವಂತ ಮಾಡಲಿಲ್ಲ. ನಿವೇದನೆಯ ಗುಟ್ಟನ್ನು ಅವರು ಎಂದೂ ಬಿಟ್ಟುಕೊಡುವಂತಿಲ್ಲವಾದ್ದರಿಂದ ಹೇಳಬೇಕಾದವನು ನಾನೇ ಆಗಿದ್ದೆ. ಆ ತಾಳ್ಮೆಗೆ ಅವರಿಗೆ ವಂದನೆಗಳು.

ನನ್ನ ಪತ್ನಿಗೆ ನಾನು ಎಷ್ಟು ಋಣಿಯೆಂದು ಬರೆಯಲಾರೆ. ವಿಷಯ ತಿಳಿದ ದಿನ ಆಕೆ ಅತ್ತಳು. ಮರುದಿನ ಮನೆಯ ಖರ್ಚಿನ ಚೀಟಿ ತಂದು ನನ್ನೆದುರು ಇಟ್ಟಳು. ತೋಟದ ಸಾಹುಕಾರರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು, ಅದು ನ್ಯಾಯವೇ. ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಕೊಟ್ಟು ಉಳಿಸಿಕೊಂಡದ್ದು ಅವರ ದೊಡ್ಡತನ. ಈಗ ತಕ್ಕಡಿಯ ಬಳಿ ಇಬ್ಬರು ನಿಂತು ತೂಕವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಹದಿನೆಂಟು ಜನರಲ್ಲಿ ಒಬ್ಬರು ತೀರಿಕೊಂಡಿದ್ದರಿಂದ ಅವರ ಪಾಲು ಮಗಳಿಗೆ ಸೇರಿತು; ಎಷ್ಟು ವಿಚಾರಿಸಿದರೂ ಸಿಗದ ಇಬ್ಬರ ಪಾಲನ್ನು ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಮೂಲಕ ಬಡವರಿಗೆ ಕೊಟ್ಟೆ. ಬೈದವರಿಗೂ, ಮಾತಾಡದೆ ಹಣ ತೆಗೆದುಕೊಂಡು ಹೋದವರಿಗೂ ನನ್ನ ನಮಸ್ಕಾರ.

ಕೊನೆಯ ಪಾಲು ಆ ವಯಸ್ಸಾದ ತಾಯಿಯದ್ದು. ಎರಡು ವರ್ಷ ಕೆಲಸಕ್ಕೆ ಬಾರದಿದ್ದವರು ಈ ಕೊಯ್ಲಿಗೆ ಬಂದಿದ್ದರು. ಎಲ್ಲರೂ ನಿಂತಿದ್ದಾಗ ನಡೆದದ್ದನ್ನು ಹೇಳಿ ನೋಟುಗಳನ್ನು ಮುಂದೆ ಚಾಚಿದೆ. ಆಕೆ ತಕ್ಷಣ ಕೈಯೊಡ್ಡಲಿಲ್ಲ. "ಎಣ್ಸಿ ಕೊಡಿ" ಎಂದರು. ಗಟ್ಟಿಯಾಗಿ ಎಣಿಸಿದೆ. "ಇನ್ನೊಂದ್ಸಲ" ಎಂದರು. ಅವರ ಆ ಎರಡನೆಯ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಋಣಿ. ಮತ್ತೊಮ್ಮೆ ಮೊದಲಿನಿಂದ ಎಣಿಸಿದೆ, ಆಮೇಲೆ ತೆಗೆದುಕೊಂಡರು.