ಶಿವುಗೆ, ನಮ್ಮ ಶಾಲೆಯಿಂದ

ಪ್ರೀತಿಯ ಶಿವು,

ಮೊನ್ನೆ ಶನಿವಾರ ನಮ್ಮ ಶಾಲೆಗೆ ಹೋಗಿದ್ದೆ. ನೀರಿನ ಮೋಟಾರು ಕೆಟ್ಟಿದೆ, ಬಂದು ನೋಡಿ ಎಂದು ಮೇಡಂ ಹೇಳಿಕಳುಹಿಸಿದ್ದರು. ಕಿಟಕಿಯ ಸರಳು ಇನ್ನೂ ಬಾಗಿಯೇ ಇದೆ. ಬಗ್ಗಿಸಿದ್ದು ಯಾರೆಂದು ಇಲ್ಲಿ ಬರೆಯುವುದಿಲ್ಲ, ಇದು ನಾಲ್ಕು ಜನ ಓದುವ ಪತ್ರ.

ನಮ್ಮ ಕಾಲದಲ್ಲಿ ಒಂದನೇ ತರಗತಿಯಲ್ಲೇ ಮೂವತ್ತು ಮಂದಿ ಇದ್ದೆವು. ಈಗ ಒಂದರಿಂದ ಐದರವರೆಗೆ ಸೇರಿ 11 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ನಮ್ಮಲ್ಲೂ ಇಬ್ಬರಿದ್ದಾರೆ. ಒಬ್ಬರು ನಾಲ್ಕು, ಐದಕ್ಕೆ. ಮೇಡಂ ಒಂದು, ಎರಡು, ಮೂರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ನಲಿ-ಕಲಿ ನಡೆಸುತ್ತಾರೆ, ಅಂದರೆ ಮಕ್ಕಳು ಕಾರ್ಡು ಹಿಡಿದು ನಲಿಯುತ್ತ ತಾವೇ ಕಲಿಯುವ ಪದ್ಧತಿ. ಇದು 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದಂತೆ. ಅಲ್ಲಿನ ಮೇಷ್ಟರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಮಾಡಿದರಂತೆ. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ನಮ್ಮ ಮಗ್ಗುಲಲ್ಲೇ ಹುಟ್ಟಿದ್ದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಎರಡನೇ ತರಗತಿಯ ಹುಡುಗನೊಬ್ಬ ಗೋಡೆಯ ಮೇಲಿನ ಕಲಿಕಾ ಏಣಿಯ ಪಟದಲ್ಲಿ ತಾನಿರುವ ಮೆಟ್ಟಿಲಿಗೆ ಬೆರಳಿಟ್ಟು, ಅಲ್ಲಿನ ಚಿಹ್ನೆ ನೋಡಿಕೊಂಡು, ಟ್ರೇಯಿಂದ ಅದೇ ಚಿಹ್ನೆಯ ಕಾರ್ಡು ಹುಡುಕಿ ತೆಗೆದ. ಯಾರೂ ಹೇಳಿಕೊಡಲಿಲ್ಲ. ಚಾಪೆಯ ಮೇಲೆ ಕುಳಿತು ‘ಗಾನ’ ಎಂದು ಓದಿದ. ಮೂರನೆಯ ತರಗತಿಯ ಹುಡುಗಿ ಪಕ್ಕದಿಂದ, ‘ಗಾನ ಅಲ್ಲ, ಗಾಣ. ನಾಲಿಗೆ ಮಡಿಸು. ನಿಮ್ಮ ಆಲೆಮನೆಯಲ್ಲಿ ಇಲ್ಲವೇ?’ ಎಂದಳು. ಅವನು ನಾಲಿಗೆ ಮಡಿಸಿ ಮಡಿಸಿ ಹೇಳಿದ. ನಾನು ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಹದಿನೇಳರ ಮಗ್ಗಿಯ ದಿನ ನಿನ್ನ ಪಕ್ಕದಲ್ಲಿ ಅಂಥದ್ದೊಬ್ಬಳು ಕೂತಿದ್ದರೆ ಅಷ್ಟೆಲ್ಲಾ ಆಗುತ್ತಿರಲಿಲ್ಲ.

ಶಿವು, ನಮ್ಮೂರಿನಿಂದ ಬೆಳಿಗ್ಗೆ ಏಳೂವರೆಗೆ ಮಂಡ್ಯಕ್ಕೆ ಹೊರಡುವ ಹಳದಿ ವ್ಯಾನಿನಲ್ಲಿ 14 ಮಕ್ಕಳಿದ್ದಾರೆ. ಅದರಲ್ಲಿ ನನ್ನ ಮಗಳೂ ಒಬ್ಬಳು. ಹೋದ ಮೇ ತಿಂಗಳಲ್ಲಿ ಮೇಡಂ ಬಿಸಿಲಲ್ಲಿ ಮನೆಮನೆಗೂ ಬಂದು ಮಕ್ಕಳನ್ನು ಸೇರಿಸಿ ಎಂದು ಕೇಳಿದ್ದರು. ನಮ್ಮ ಬಾಗಿಲಿಗೂ ಬಂದರು. ನಾನಿಲ್ಲವೆಂದು ಹೇಳು ಎಂದು ಹೆಂಡತಿಗೆ ಸನ್ನೆ ಮಾಡಿ ನಡುಮನೆಯಲ್ಲಿ ಕುಳಿತೆ. ಅವರು ನೀರು ಕೇಳಿ ಕುಡಿದು ಹೋದರು. ಇಂಗ್ಲಿಷ್ ಬರಲಿ ಎಂದು ಅಲ್ಲಿಗೆ ಸೇರಿಸಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಟೈ ಕಟ್ಟಿದ ಮಗಳು ವ್ಯಾನು ಹತ್ತುವುದನ್ನು ಬೀದಿಯವರು ನೋಡಲಿ ಎಂಬ ಆಸೆಯೂ ಇತ್ತು. ಇದನ್ನು ಮನೆಯಲ್ಲೂ ಹೇಳಿರಲಿಲ್ಲ. ಶಾಲೆ ಮುಚ್ಚಿದರೆ ಸರ್ಕಾರವನ್ನು ಬೈಯಲು ನಾವೆಲ್ಲ ಅರಳಿಕಟ್ಟೆಯಲ್ಲಿ ಸೇರುತ್ತೇವೆ, ಆದರೆ ಆ ಚಾಪೆ ಖಾಲಿ ಮಾಡಿದವರಲ್ಲಿ ನಾನಿದ್ದೇನೆ. ಮೊನ್ನೆ ಶನಿವಾರ ಮೇಡಂ ಅದೇನೂ ನೆನಪಿಸಲಿಲ್ಲ. ‘ಮಗಳು ಚೆನ್ನಾಗಿದ್ದಾಳಾ?’ ಎಂದಷ್ಟೇ ಕೇಳಿದರು.

ಇಷ್ಟು ಬರೆಯಬೇಕೆಂದು ಕುಳಿತವನಲ್ಲ. ಜೂನ್ ಬರುವುದರೊಳಗೆ ಮಗಳ ಶಾಲೆಯ ಬಗ್ಗೆ ಮನೆಯಲ್ಲಿ ಕೂತು ಮಾತಾಡಬೇಕು, ಶುರು ಮಾಡಿದ್ದೇನೆ.

ಮೋಟಾರು ಸರಿಹೋಯಿತು, ಕೆಪಾಸಿಟರ್ ಹೋಗಿತ್ತು ಅಷ್ಟೆ. ಸಂಕ್ರಾಂತಿಗೆ ಬಾ, ಅವರೆಕಾಯಿ ಸೊಗಡು ಚೆನ್ನಾಗಿರುತ್ತದೆ. ಆ ಸರಳನ್ನೂ ನೆಟ್ಟಗೆ ಮಾಡೋಣ, ಇಬ್ಬರು ಹಿಡಿದು ಬಗ್ಗಿಸಿದ್ದನ್ನು ಇಬ್ಬರೇ ಹಿಡಿಯಬೇಕು.

ನಿನ್ನ,
ಮೂರನೇ ಬೆಂಚಿನವನು